ಪಾಸ್‌ವರ್ಡ್ ಆದ ಗಂಡ

ನಾರಾಯಣಪೇಟೆ ಬಸ್ ನಿಲ್ದಾಣದ ಹತ್ತಿರ ಕಾಫಿ ಕುಡಿದವರ ಫೋನಿನಲ್ಲೆಲ್ಲ ನನ್ನ ಗಂಡನ ಹೆಸರಿತ್ತು. ನನ್ನ ಬಾಯಲ್ಲಿ ಮಾತ್ರ ಇರಲಿಲ್ಲ! ಇಲ್ಲೂ ಬರೆಯುವುದಿಲ್ಲ, ಕೇಳಬೇಡಿ. ಹೆಂಡತಿಯಾದವಳು ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಇವರು ಹೋದರೆ ಹಾಲಿನ ಕ್ಯಾನು ಎತ್ತುವವರು ಯಾರು? ಹಾಗಾಗಿ ಮದುವೆಯಾದಾಗಿನಿಂದ ‘ಏನ್ರಿ’ ಅಂತಲೇ ನಡೆಸಿಕೊಂಡು ಬಂದೆ.

ಮನುಷ್ಯ ಮೊದಲಿನಿಂದಲೂ ತಿರುಗಾಮುರುಗಾ. ಊರಿಗೆ ಊರೇ ಚಹಾ ಕುಡಿಯುವಾಗ ಕಾಫಿ ಅಂಗಡಿ ಇಟ್ಟರು. ಯಾರಾದರೂ ಮರೆತು ಚಹಾ ಕೇಳಿದರೆ, “ಬಾಜೂಕ ಹೋಗ್ರಿ, ಅಲ್ಲಿ ಬಿಸಿನೀರಿಗೆ ಬಣ್ಣ ಹಾಕಿ ಕೊಡ್ತಾರ” ಎನ್ನುತ್ತಿದ್ದರು. ಗಿರಾಕಿಗಳು ಹೋಗುತ್ತಿದ್ದರು ಕೂಡ! ವಾಪಸ್ ಬರುತ್ತಿರಲಿಲ್ಲ, ಅಷ್ಟೇ.

ಕೊನೆಗೊಂದು ದಿನ ಎರಡು ಕೊಂಬಿನ ಡಬ್ಬಿ ತಂದು ಗೋಡೆಗೆ ಹೊಡೆಸಿದರು. ‘ಕಾಫಿ ಕುಡಿದವರಿಗೆ ವೈಫೈ ಪುಕ್ಕಟೆ’ ಎಂದು ಬೋರ್ಡು ಬೇರೆ. ಡಬ್ಬಿಗೆ ವಿಭೂತಿ ಹಚ್ಚಿದರು. ಮೂಲೆಯ ಟೇಬಲ್ಲಿಗೆ ನೆಟ್ ಬರುವುದಿಲ್ಲ ಎಂದು ಗಿರಾಕಿಗಳು ದೂರಿದಾಗ ಏನು ಮಾಡಿದರು ಅಂತೀರಿ? ಫ್ಯಾನನ್ನು ಡಬ್ಬಿಯ ಹಿಂದಿಟ್ಟು ಮೂಲೆಯ ಕಡೆ ತಿರುಗಿಸಿದರು!

“ಈಗ ಬರಾಕತ್ತೈತೇನ್ರಪ್ಪಾ?”

“ಗಾಳಿ ಬರಾಕತ್ತೈತ್ರಿ ಕಾಕಾ.”

ನಗಬೇಡಿ, ಅಂಗಡಿ ತುಂಬತೊಡಗಿತು. ಕಾಫಿಯ ಮುಖ ನೋಡದವರೂ ವೈಫೈ ಆಸೆಗೆ ಕಷಾಯ ನುಂಗಿದಂತೆ ಕಣ್ಣುಮುಚ್ಚಿ ಕುಡಿದರು.

ಆದರೆ ಆ ಡಬ್ಬಿಗೆ ಬೀಗದ ಮಾತೊಂದು ಬೇಕಂತೆ, ಪಾಸ್‌ವರ್ಡು. ಜೋಡಿಸಲು ಬಂದವನು “ಏನಿಡ್ಲಿ ಕಾಕಾ?” ಎಂದಾಗ ಇವರು, “ಇಡ್ಲಿ ನಾವ್ ಮಾಡಂಗಿಲ್ಲಪ್ಪಾ” ಎಂದರು. ಅರ್ಥವಾದ ಮೇಲೆ ದೇವರ ಹೆಸರು ಇಡಿಸಬಹುದಿತ್ತು. ತಮ್ಮದೇ ಇಡಿಸಿದರು!

“ಏನ್ರಿ ಇದು? ಗಲ್ಲಾದ ಮುಂದ ನಾ ಕುಂತಾಗ ಯಾರರ ಕೇಳಿದ್ರ ಏನ್ ಹೇಳ್ಲಿ?”

“ನನ್ ಹೆಸರು ಹೇಳು. ಸಾಯೋದ್ರಾಗ ಒಮ್ಮೆ ನಿನ್ ಬಾಯಿಲೆ ಕೇಳ್ಬೇಕು.”

“ಹೇಳಿದ್ರ ಅವತ್ತ ಸಾಯ್ತೀರಿ!”

ನಾನೇನು ಸೋಲುವವಳೇ? ಮದುವೆಮನೆಯಲ್ಲಿ ಗಂಡನ ಹೆಸರನ್ನು ಪದದೊಳಗೆ ಅಡಗಿಸಿ ಹೇಳುವ ಒಡಪು ಇದೆಯಲ್ಲ, ಅದಕ್ಕೆ ದೋಷವಿಲ್ಲ. ಯಾರು ಪಾಸ್‌ವರ್ಡ್ ಕೇಳಿದರೂ ಸೆರಗು ಸರಿಮಾಡಿಕೊಂಡು, “ಕಪ್ಪಿನಾಗ ಕಾಫಿ, ಕಾಫಿ ಮ್ಯಾಲ ನೊರಿ, ನಮ್ಮ ರಾಯರ ಹೆಸರು ಕೇಳಿ ಒತ್ಕೋರಿ” ಎಂದು ಶುರುಮಾಡಿ, ಕೊನೆಗೆ ಹೆಸರು ತೂರಿಸುತ್ತಿದ್ದೆ. ತಮ್ಮ ಫೋನಿನಲ್ಲಿ ನೆಟ್ ಇದ್ದವರೂ ಕೇಳಲು ಬಂದರು! ಇವರು ಮಾತ್ರ ಮುಖ ಊದಿಸಿದರು. “ಅದು ಹಾಡಾತು, ಕರದಂಗ ಆಗ್ಲಿಲ್ಲ.”

ಹೀಗಿರುವಾಗ ಇವರು ಮದುವೆಯೊಂದಕ್ಕೆ ಹತ್ತಿರದ ಮಕ್ತಲ್‌ಗೆ ಹೋದರು. ಅಂದೇ ಸೀರೆ ನೇಯುವ ಹೆಂಗಸೊಬ್ಬಳು ಅಂಗಡಿಗೆ ಓಡಿಬಂದಳು, ಕಂಕುಳಲ್ಲಿ ಹೊಸ ಸೀರೆ. ಹೈದರಾಬಾದಿನ ವ್ಯಾಪಾರಿ ವಿಡಿಯೋದಲ್ಲಿ ಸೀರೆ ನೋಡಲು ಕಾದಿದ್ದಾನೆ, ಇವಳ ಫೋನಿನ ನೆಟ್ ಮುಗಿದಿದೆ, ತಡವಾದರೆ ಅವನು ಬೇರೆಯವರ ಹತ್ತಿರ ಹೋಗುತ್ತಾನೆ. ನಮ್ಮದು ತೆಲಂಗಾಣದ ಗಡಿಯೂರು, ಅವಳಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ನಾನು ಒಡಪು ಹೇಳಿದೆ. ಅವಳು ಕಪ್ಪು, ಕಾಫಿ, ನೊರೆ ಎಲ್ಲವನ್ನೂ ಫೋನಿನಲ್ಲಿ ಒತ್ತಿದಳು! ಡಬ್ಬಿ ಒಪ್ಪಲಿಲ್ಲ.

“ಪಾಟ ವದ್ದು ಅವ್ವಾ, ಪಾಸ್‌ವರ್ಡ್ ಚೆಪ್ಪು!”

ಹಾಡು ಬೇಡವಂತೆ, ಪಾಸ್‌ವರ್ಡ್ ಹೇಳಬೇಕಂತೆ. ಫೋನನ್ನು ನನ್ನ ಮೂಗಿಗೇ ಹಿಡಿದಳು.

ಹೇಳಿಬಿಟ್ಟೆ. ಪದವಿಲ್ಲ, ರಾಯರಿಲ್ಲ, ಬರೀ ಹೆಸರು, ಅದೂ ಸಂತೆಯಲ್ಲಿ ಕೂಗಿದ ಹಾಗೆ. ಡಬ್ಬಿ ಒಪ್ಪಿತು. ಅವಳು ಟೇಬಲ್ ಮೇಲೆ ಸೀರೆ ಹರಡಿದಳು. ನಾನು ತಿರುಗಿದರೆ ಬಾಗಿಲಲ್ಲಿ ಇವರು! ಮಕ್ತಲ್ ಬಸ್ಸಿಳಿದು ಬಂದವರು ಕಂಬದಂತೆ ನಿಂತಿದ್ದರು.

“ಏನಂದಿ?”

“ಏನಿಲ್ರಿ, ಒಳಗ ಬಂದು ಕುಂದರ್ರಿ. ಎದಿ ಗಿದಿ ನೋಯಾಕತ್ತೈತೇನು?”

ಸಂಜೆಯವರೆಗೂ ಅವರ ಮೇಲೇ ಕಣ್ಣಿಟ್ಟೆ. ಕಾಫಿ ಕುಡಿದರು, ಮೆಣಸಿನಕಾಯಿ ಬಜ್ಜಿ ತಿಂದರು, ಪಕ್ಕದ ಚಹಾದವನಿಗೆ ಬೈದರು. ಸಾಯುವ ಲಕ್ಷಣ ಒಂದೂ ಇಲ್ಲ! ಅತ್ತ ಸೀರೆಯೂ ಒಪ್ಪಿಗೆಯಾಗಿ, ಅಂಥವೇ ಇನ್ನಷ್ಟು ನೇಯಲು ವ್ಯಾಪಾರಿ ಹೇಳಿದನಂತೆ.

ಮರುದಿನ ಇವರು ಪಾಸ್‌ವರ್ಡ್ ಬದಲಿಸಿದರು. ಏನೆಂದು ನನಗೆ ಹೇಳಲಿಲ್ಲ. ಮೊದಲ ಗಿರಾಕಿ ಕೇಳಿದಾಗ ಗಂಟಲು ಸರಿಮಾಡಿಕೊಂಡು ಕೂಗಿದರು: “ಚನ್ನಬಸಮ್ಮ!”

ಅದು ನಾನು. ತವರುಮನೆ ಬಿಟ್ಟ ಮೇಲೆ ಹಾಗೆ ಯಾರೂ ಕರೆದಿರಲಿಲ್ಲ. ಇವರಿಗಂತೂ ನಾನು ‘ಏ’.

“ಎರಡು ಎನ್ ಏನ್ರಿ ಕಾಕಾ?”

“ಎರಡು. ಬಾಯಿಲೆ ಅಂದು ಒತ್ತು!”

ಗಿರಾಕಿ ಆ ಕಡೆ ಹೋಗುವುದನ್ನೇ ಕಾದು, “ಇದೇನ್ರಿ ಹೊಸ ಹುಚ್ಚು?” ಎಂದೆ.

“ನೀ ನನ್ ಹೆಸರು ಕರದ್ರ ನನ್ ಆಯುಷ್ಯ ಕಮ್ಮಿ ಆಗ್ತೈತಿ ಅಂತಿ. ಹಂಗಾದ್ರ ನಾ ನಿನ್ ಹೆಸರು ಕರದ್ರ ನಿಂದು ಹೆಚ್ಚಾಗ್ಬೇಕಲ್ಲ?”

“ಹಿಂಗ ಎಷ್ಟ್ ದಿನ ಕೂಗ್ತೀರಿ?”

“ನಿನಗ ಎಷ್ಟ್ ವರ್ಷ ಬೇಕು, ಹೇಳು.”

“ಮೊದ್ಲ ಆ ಟೇಬಲ್ ಒರಸ್ರಿ” ಎಂದೆ.

ಒರೆಸಲು ಹೋದರು. ಅಲ್ಲಿ ಹೊಸಬರೊಬ್ಬರು ಬಂದು ಕೂತು ಫೋನು ತೆಗೆದರು. ನಾನು ಲೋಟ ತೊಳೆಯುವುದು ಬಿಟ್ಟು ನಲ್ಲಿ ಬಂದ್ ಮಾಡಿದೆ. ನೀರಿನ ಸದ್ದಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ನೋಡಿ.