ಶುಕ್ರವಾರ ಸ್ನಾನಕ್ಕೆ ಹೋಗುವ ಹವಳದ ಕಲ್ಲು

ಇಡೀ ಜಯನಗರದಲ್ಲಿ ಸಮುದ್ರ ಕಾಣುವ ಬಾಲ್ಕನಿ ಇರುವುದು ಒಂದೇ ಮನೆಗೆ, ಅದು ನಮ್ಮ ಸೋದರಮಾವನ ಮನೆ! ನಗಬೇಡಿ. ಅಲ್ಲಿ ನಿಂತರೆ ನಿಮಗೂ ನನಗೂ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು, ಕೇಬಲ್ ವೈರು, ಒಣಹಾಕಿದ ಲುಂಗಿ. ಮಾವನಿಗೆ ಮಾತ್ರ ಸಮುದ್ರ ಏರುವುದು, ಇಳಿಯುವುದು ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದವನು ರಿಟೈರಾದ, ಪಾಠ ರಿಟೈರಾಗಲಿಲ್ಲ. ಆಗ ಸಂಬಳ ತೆಗೆದುಕೊಂಡು ಹೇಳುತ್ತಿದ್ದುದನ್ನು ಈಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಬಿಟ್ಟಿ ಹೇಳುತ್ತಾನೆ.

ಒಮ್ಮೆ ಕತ್ರಿಗುಪ್ಪೆಯ ನಮ್ಮ ಮನೆಗೆ ಆಟೋದಲ್ಲಿ ಬಂದಿಳಿದ. ಆಟೋದವನು ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ಸಮುದ್ರ ಹಿಂದೆ ಎಷ್ಟೋ ಸಲ ಮೇಲೆ ಬಂದಿತ್ತು, ಮತ್ತೆ ಬರುತ್ತೆ ಅಂತಾರೆ ಅಂಕಲ್ಲು. ನಾನು ಹೊಸಕೆರೆಹಳ್ಳೀಲಿ ಸೈಟ್ ನೋಡಿಟ್ಟಿದ್ದೀನಿ. ತಗೊಳ್ಳಲೋ ಬೇಡ್ವೋ?"

"ಧೈರ್ಯವಾಗಿ ತಗೊಳ್ಳಿ ಅಣ್ಣ, ಇಲ್ಲೀವರೆಗೂ ಬರಲ್ಲ" ಎಂದು ನಾನೇ ಸಮುದ್ರದ ಪರವಾಗಿ ಮಾತು ಕೊಟ್ಟು ಕಳಿಸಿದೆ.

ಬಿಟಿಎಂನಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಹುಬ್ಬಳ್ಳಿಯವಳು. ಹೋದ ಮಳೆಗಾಲದಲ್ಲಿ ಅವಳ ಬಾಡಿಗೆ ಮನೆಗೆ ಮೊಳಕಾಲುದ್ದ ನೀರು ನುಗ್ಗಿತು. ನಾನು ಬಕೆಟ್ ಹಿಡಿದು ಓಡಿದೆ. ಜೊತೆಗೆ ಬಂದ ಮಾವ ಅಳೆಯುವ ಟೇಪು ಹಿಡಿದು ಓಡಿದ! ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕಂದು ಗೆರೆಯನ್ನು ದೇವರ ದರ್ಶನದ ಹಾಗೆ ನೋಡುತ್ತ ನಿಂತ. "ಏನವಾ ನಿಮ್ಮ ಮಾವಾರು, ನೀರು ಹೊರಗ ಹಾಕೂದು ಬಿಟ್ಟು ಗ್ವಾಡಿ ನೋಡ್ಕೋತ ನಿಂತಾರ!" ಎಂದಳು ಗೆಳತಿ. ಅಷ್ಟರಲ್ಲಿ ಮನೆ ಓನರ್ ಪೇಂಟ್ ಡಬ್ಬದ ಸಮೇತ ಬಂದರು.

"ಬಳೀಬೇಡಿ ಸಾರ್, ಸಾಕ್ಷಿ ಹೋಗುತ್ತೆ!" ಎಂದ ಮಾವ.

"ಸಾಕ್ಷಿ ಹೋಗ್ಲಿ ಅಂತಾನೇ ಸಾರ್ ಬಳೀತಿರೋದು!" ಎಂದರು ಓನರ್.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಪಾಠವಾಯಿತು. "ಹವಳವೂ ಹೀಗೇ ಗುರುತು ಬಿಡುತ್ತೆ ಕಣೇ. ಬಿಸಿಲು ತಾಗೋ ಕಡಿಮೆ ಆಳದ ನೀರಲ್ಲೇ ಅದರ ದಿಬ್ಬ ಬೆಳೆಯೋದು. ಒಣನೆಲದಲ್ಲಿ ಹಳೇ ಹವಳದ ದಿಬ್ಬ ಸಿಕ್ತು ಅಂದ್ರೆ, ಒಂದು ಕಾಲದಲ್ಲಿ ಸಮುದ್ರ ಅಲ್ಲಿತ್ತು ಅಂತ. ನೀರು ಏರಿತ್ತೋ, ನೆಲವೇ ಎದ್ದಿತೋ, ಅದನ್ನ ಬೇರೆ ವಿಚಾರಿಸಬೇಕು." ವಿಚಾರಿಸುವುದಕ್ಕೆ ಅವನ ಬಳಿ ಒಂದು ಸಾಕ್ಷಿಯೂ ಇತ್ತು. ಅದೇ ಆ ಹವಳದ ಕಲ್ಲು.

ಮದುವೆಯಾದ ಹೊಸದರಲ್ಲಿ ಮಾವ, ಅತ್ತೆ ರಾಮೇಶ್ವರಕ್ಕೆ ಹೋಗಿದ್ದರಂತೆ. ಅತ್ತೆ ತೀರ್ಥಸ್ನಾನ ಮಾಡುತ್ತಿದ್ದರೆ ಮಾವ ನಾಪತ್ತೆ! ಕೊನೆಗೆ ಎಲ್ಲಿಂದಲೋ ಬೆವರು ಸುರಿಸುತ್ತ ಬಂದ, ಕಂಕುಳಲ್ಲಿ ತೆಂಗಿನಕಾಯಿಗಿಂತ ದಪ್ಪನೆಯ ಒಂದು ಕಲ್ಲು, ಮೈತುಂಬ ಸಣ್ಣ ಸಣ್ಣ ತೂತು. ಕಡಲಿನಿಂದ ಎಷ್ಟೋ ದೂರದ ತೋಟದಲ್ಲಿ ಬಾವಿ ತೋಡಿದಾಗ ಬಂದದ್ದು, ತೋಟದವರೇ ಕೊಟ್ಟರು ಎಂದು ಹಿಗ್ಗಿದ.

"ಎಲ್ಲರೂ ರಾಮೇಶ್ವರದಿಂದ ಶಂಖ ತರ್ತಾರೆ. ನೀವು ಬಾವಿ ಕಲ್ಲು ತಂದಿದ್ದೀರಲ್ರೀ!" ಎಂದರಂತೆ ಅತ್ತೆ. ಆದರೂ ರೇಷ್ಮೆ ಸೀರೆಯಲ್ಲಿ ಸುತ್ತಿ ಮನೆ ತಲುಪಿಸಿದವರು ಅವರೇ.

ಕಲ್ಲು ಶೋಕೇಸು ಸೇರಿತು. ಒಂದು ಶುಕ್ರವಾರ ನೋಡಿದರೆ ಇಲ್ಲ! ಮಾವ ಮನೆಯೆಲ್ಲ ಹುಡುಕಿ, ಕಳ್ಳತನವೆಂದು ಕೂಗಾಡಿ, ಅಕ್ಕಪಕ್ಕದವರನ್ನೆಲ್ಲ ಸೇರಿಸಿದ ಮೇಲೆ ಬಚ್ಚಲುಮನೆಯ ಬಾಗಿಲು ತೆರೆಯಿತು. ಎಣ್ಣೆಸ್ನಾನ ಮುಗಿಸಿದ ಅತ್ತೆ ಕಲ್ಲಿನ ಸಮೇತ ಹೊರಗೆ ಬಂದರು. "ಹಿಮ್ಮಡಿ ಉಜ್ಜೋದಕ್ಕೆ ಇಂಥ ಕಲ್ಲು ಫೋರ್ತ್ ಬ್ಲಾಕಲ್ಲಿ ಎಲ್ಲಿ ಹುಡುಕಿದ್ರೂ ಸಿಗಲ್ಲ ರೀ! ನಿಮ್ಮ ಸಮುದ್ರ ಇಷ್ಟಕ್ಕಾದ್ರೂ ಬಂತಲ್ಲ."

ಮಾವ ಮೂರು ಹೊತ್ತು ಊಟ ಬಿಟ್ಟ. ಆಮೇಲೆ ರಾಜಿಯಾಯಿತು: ಶುಕ್ರವಾರ ಕಲ್ಲು ಅತ್ತೆಯದು, ಮಿಕ್ಕ ದಿನ ವಿಜ್ಞಾನದ್ದು. ಶುಕ್ರವಾರ ಯಾರಾದರೂ ಕಲ್ಲು ನೋಡಲು ಬಂದರೆ ಮಾವ ಗಂಭೀರವಾಗಿ "ಸ್ನಾನಕ್ಕೆ ಹೋಗಿದೆ, ಕೂತ್ಕೊಳ್ಳಿ" ಎನ್ನುತ್ತಿದ್ದ. ಎಷ್ಟೋ ವರ್ಷ ಹೀಗೇ ನಡೆಯಿತು.

ಮಾವನಿಗಿದ್ದ ಆಸೆ ಒಂದೇ. ಆ ಕಲ್ಲನ್ನು ಸರಿಯಾಗಿ ಕುಯ್ಯಿಸಿ ಓದಿಸಬೇಕು. ಒಳಗೆ ಮರದ ಉಂಗುರಗಳಂತೆ ವರ್ಷ ವರ್ಷದ ಪಟ್ಟೆಗಳಿರುತ್ತವಂತೆ, ಆ ಕಾಲದ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಎಲ್ಲ ಅದರಲ್ಲಿ ಗೊತ್ತಾಗುತ್ತದಂತೆ. ಕೊನೆಗೂ ಅವನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೂ ಕಾಲೇಜಿನಲ್ಲಿ ಮೇಡಂ ಆಗಿರುವವಳು, "ಕಲ್ಲು ಕುಯ್ಯೋ ಮೆಷಿನ್ ಇದೆ ಸಾರ್, ಕೊಡಿ" ಎಂದು ಫೋನ್ ಮಾಡಿದಳು. ಆದರೆ ಅಷ್ಟರಲ್ಲಿ ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಜೀವನವಿಡೀ ಕಾದವನು ಈಗ ಮುಂದಿನ ವಾರ, ಮುಂದಿನ ತಿಂಗಳು ಎಂದು ಜಾರಿಕೊಳ್ಳತೊಡಗಿದ. ವಯಸ್ಸಾಯಿತು, ಉತ್ಸಾಹ ಇಳಿಯಿತು ಅಂದುಕೊಂಡೆ.

ಒಂದು ದಿನ ಆಕೆ ಮನೆಗೇ ಬಂದಳು. ನಾನೂ ಅಲ್ಲಿದ್ದೆ. ಮಾವ ಬಹಳ ಹೊತ್ತು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಮೇಲೆ "ಈ ಕಡೆಯಿಂದ ಕುಯ್ಯಿ. ಈ ನುಣುಪು ಇದೆಯಲ್ಲ, ಇದನ್ನ ಮಾತ್ರ ಮುಟ್ಟಬೇಡ" ಎಂದ.

ಆಕೆ ಕಲ್ಲು ತಿರುಗಿಸಿ ನೋಡಿದಳು. "ಎಷ್ಟು ಚೆನ್ನಾಗಿ ಸವೆದಿದೆ ಸಾರ್! ಅಲೆ ಹೊಡೆದೂ ಹೊಡೆದೂ ಆಗಿರೋದು, ಅಲ್ವಾ?"

"ಅಲೆ ಅಲ್ಲಮ್ಮ" ಎಂದ ಮಾವ. "ನಮ್ಮನೆಯವಳು."

ಆಕೆಗೆ ಅರ್ಥವಾಗಲಿಲ್ಲ. ನನಗಾಯಿತು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪಟ್ಟೆಗಳು ಸೊಗಸಾಗಿ ಬಂದವು. ಮಾವ ಫೋನಿನಲ್ಲಿ ಸಂಭ್ರಮದಿಂದ ಅರ್ಧ ಜಯನಗರಕ್ಕೆ ಕೇಳಿಸುವಂತೆ ಕೂಗಾಡಿದ. ನುಣುಪಿನ ಅರ್ಧ ವಾಪಸ್ ಬಂತು, ನಾನೇ ಒರೆಸಿ ಶೋಕೇಸಿನಲ್ಲಿಟ್ಟೆ. ವಾರದ ಮೇಲೆ ಹೋದಾಗ ನೋಡಿದರೆ ಅದು ಅಲ್ಲಿರಲಿಲ್ಲ.

"ಮಾವ, ಕಲ್ಲೆಲ್ಲಿ?" ಎಂದು ಗಾಬರಿಯಿಂದ ಕೇಳಿದೆ.

ಮಾವ ಪೇಪರಿನಿಂದ ತಲೆಯೆತ್ತಲಿಲ್ಲ. "ಇವತ್ತು ಶುಕ್ರವಾರ ಅಲ್ವೇನೇ" ಎಂದ.