ಗಂಗಕ್ಕನ ಮಂದೆ ದೇಶ

ಶ್ರೀರಾಂಪುರದಾಗೆ ಬಸ್ಸಿಳಿದು ಬೀಳು ನೆಲದಾಗೆ ನಡೆದ್ರೆ, ಎರಡು ತಾಲ್ಲೂಕು ಸೇರೋ ಜಾಗದಾಗೆ ಒಂದು ಸಾರ್ವಭೌಮ ರಾಷ್ಟ್ರ ಐತೆ. ಅದರ ವಿದೇಶಾಂಗ ಮಂತ್ರಿ ನಾನು. ರಾಜ್ಯಶಾಸ್ತ್ರದ ಬಿಎ ಅರ್ಧಕ್ಕೆ ಬಿಟ್ಟೋರು ಈ ಹುದ್ದೆಗೆ ಅನರ್ಹರು ಅಂತ ಎಲ್ಲೂ ಬರೆದಿಲ್ಲ.

ದೇಶ ಹುಟ್ಟಿದ್ದು ಸೂಜಿಯಿಂದ. ಮಳೆ ಹಿಡಿದು ಸುತ್ತಮುತ್ತ ಕುರಿಗೆ ನೀಲಿನಾಲಿಗೆ ರೋಗ ಬಂತು. ನಮ್ಮಜ್ಜಿ ಗಂಗಕ್ಕನ ಮಂದೆ ಗಡಿ ಮೇಲಿತ್ತು. ಲಸಿಕೆ ಸೂಜಿ ಕೇಳಿದ್ರೆ ಈ ಕಡೆ ದನದ ಡಾಕ್ಟ್ರು "ಇವು ಆ ತಾಲ್ಲೂಕಿನ ಕುರಿ" ಅಂದ್ರು. ಆ ಕಡೆಯೋರು "ಅವರವೇ" ಅಂದ್ರು.

"ಅಜ್ಜಿ, ಯಾರಿಗೂ ಸೇರಿಲ್ಲ ಅಂದ್ರೆ ನಾವು ಸ್ವತಂತ್ರರು," ಅಂದೆ. "ಜನ, ಜಾಗ, ಸರ್ಕಾರ, ಸಾರ್ವಭೌಮತ್ವ ಇದ್ರೆ ದೇಶ ಆಗ್ತೈತೆ."

"ಆ ಕೊನೇದು ಏನ್ಲಾ?"

"ನಮ್ಮ ಮೇಲೆ ಯಾರೂ ಇಲ್ದಿರೋದು."

"ನಿಮ್ಮಜ್ಜ ಹೋದಾಗಿಂದ ಅದೈತೆ ಬಿಡು. ಸೂಜಿ ಸಿಗ್ತೈತಾ ಹೇಳು."

ಎರಡೂ ಆಸ್ಪತ್ರೆಗೆ ಪ್ರಕಟಣೆ ಕಳಿಸಿದೆ: "ಮಂದೆ ದೇಶವು ಇಂದಿನಿಂದ ಸ್ವತಂತ್ರ. ಅಧ್ಯಕ್ಷರು ಶ್ರೀಮತಿ ಗಂಗಕ್ಕ. ರಾಷ್ಟ್ರಗೀತೆಯನ್ನು ಪ್ರತಿದಿನ ಮುಂಜಾನೆ ಪ್ರಜೆಗಳೇ ಸಾಮೂಹಿಕವಾಗಿ ಅರಚುವರು."

ಮಧ್ಯಾಹ್ನಕ್ಕೇ ಎರಡೂ ಕಡೆ ಜೀಪು ಬಂದ್ವು. "ಪಕ್ಕದ ತಾಲ್ಲೂಕಿಗೆ ಲಸಿಕೆ ಕೊಡಂಗಿಲ್ಲ," ಅಂದ್ರು ಈ ಕಡೆ ಡಾಕ್ಟರ್ ಮಲ್ಲೇಶ್. "ವಿದೇಶಕ್ಕೆ ನೆರವು ಕೊಡಬಾರ್ದು ಅಂತ ರೂಲ್ಸ್‌ನಾಗಿಲ್ಲ." ಮೊದಲು ಮಾನ್ಯತೆ ಕೊಟ್ಟಿದ್ದು ಯಾರು ಅಂತ ಇಬ್ರು ಡಾಕ್ಟ್ರಿಗೂ ಜಗಳ ಹತ್ತಿತು.

"ಕರೇವು ನಿಮಗೆ, ಬಿಳೇವು ಅವರಿಗೆ. ಚುಚ್ರಿ," ಅಂದ್ಲು ಅಜ್ಜಿ. ಇದನ್ನ ನಾನು ಅಲಿಪ್ತ ನೀತಿ ಅಂತ ದಾಖಲಿಸಿದೆ.

ಎರಡನೇ ಸೂಜಿ ಬಾಕಿ ಇತ್ತು. ಅಷ್ಟ್ರಾಗೆ ತೋಟದ ನಾಗರಾಜಪ್ಪ ಬಂದ, ಗೊಬ್ಬರಕ್ಕೆ ತೆಂಗಿನ ತೋಟದಾಗೆ ಮಂದೆ ನಿಲ್ಸು, ರಾಗಿ ಕೊಡ್ತೀನಿ ಅಂದ. ತೋಟ ಪೂರ್ತಿ ಈ ಕಡೆ ತಾಲ್ಲೂಕಿಂದು.

"ಅಲ್ಲಿಗೆ ಹೋದ್ರೆ ದೇಶ ಹೋತು, ಸೂಜಿನೂ ಹೋತು ಅಜ್ಜಿ. ದೇಶಕ್ಕೆ ನಿರ್ದಿಷ್ಟ ಜಾಗ ಇರ್ಬೇಕು."

"ಕುರಿ ಎಲ್ಲಿ ಮಲಗ್ತಾವೋ ಅದೇ ದೇಶ. ಮೇವಿಲ್ಲದ ದೇಶ ಕಟ್ಕೊಂಡು ಏನ್ ಮಾಡ್ಲಿ?"

ಮಲ್ಲೇಶ್ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೆ. ಕಡತ ನೋಡಿ, "ಅಜ್ಜಿ ಹೇಳಿದ್ದೇ ಸರಿ. ವಿದೇಶಿ ಕುರಿ ಎಲ್ಲಿದ್ರೂ ವಿದೇಶಿನೇ," ಅಂದ್ರು. ಎರಡನೇ ಸೂಜಿ ತೋಟದಾಗೇ ಆಯ್ತು.

ಇದನ್ನ ನೋಡ್ತಾ ನಿಂತಿದ್ದ ನಾಗರಾಜಪ್ಪ, "ಗಂಗಕ್ಕ, ನನ್ನ ಕುರಿ ಈ ತಾಲ್ಲೂಕಿನವೇ. ಅದಕ್ಕೇ ಇನ್ನೂ ಸೂಜಿ ಬಂದಿಲ್ಲ. ಅವನ್ನೂ ನಿಮ್ಮ ದೇಶಕ್ಕೆ ಸೇರಿಸ್ಕಳ್ರಿ," ಅಂದ.

ಅಜ್ಜಿ ಅಲ್ಲೇ ಪೌರತ್ವ ಕಾಯ್ದೆ ಮಾಡಿದ್ಲು: ಉಣ್ಣೆ ಕೊಡೋರು, ಗೊಬ್ಬರ ಕೊಡೋರು ಪ್ರಜೆಗಳು. ನಾಗರಾಜಪ್ಪನ ಕುರಿ ಪಾಸಾದ್ವು, ಸೂಜಿನೂ ಬಂತು. ಈಗ ಸುತ್ತಿನ ಊರಿನ ಕುರಿಯೆಲ್ಲ ಸಾಲಾಗಿ ನಿಂತವೆ. ಡಾಕ್ಟ್ರು ದಿನಾ ಬೆಳಗ್ಗೆ ಫೋನ್ ಮಾಡಿ, "ಇವತ್ತು ದೇಶ ಎಲ್ಲೈತ್ರಿ?" ಅಂತ ಕೇಳ್ತಾರೆ. ಯಾರಿಗೂ ಇದರಾಗೆ ಏನೂ ವಿಶೇಷ ಕಾಣ್ತಿಲ್ಲ.

"ಅಜ್ಜಿ, ನಾನೂ ಪ್ರಜೆನಾ?" ಅಂತ ಕೇಳಿದೆ.

ಅಜ್ಜಿ ನನ್ನ ತಲೆಯಿಂದ ಕಾಲಿನವರೆಗೂ ನೋಡಿದ್ಲು. "ನಿನ್ನಿಂದ ಏನ್ ಸಿಗ್ತೈತಪ್ಪ?"

ಹೆಜ್ಜೆ ಹಾಕಕ್ಕಾಗದ ಮರಿಗಳನ್ನ ಹೊರೋ ಷರತ್ತಿನ ಮೇಲೆ ನನಗೆ ವೀಸಾ ಮಂಜೂರಾಗೈತೆ. ಮರಿ ನಡೆಯೋದು ಕಲಿಯೋವರೆಗೂ ಚಾಲ್ತಿ.