ಹಗಲೆಲ್ಲ ವಿಶ್ರಾಂತಿ ಪಡೆಯುವ ನಮ್ಮ ಫ್ರಿಜ್ ಸಾಹೇಬರಿಗೆ

ಪಡಸಾಲೆಯಲ್ಲಿ ಬಂದವರಿಗೆಲ್ಲ ಮೊದಲು ಕಾಣುವಂತೆ, ತಲೆಯ ಮೇಲೆ ಕಸೂತಿ ಬಟ್ಟೆ ಹೊದ್ದು, ಅದರ ಮೇಲೊಂದು ಪ್ಲಾಸ್ಟಿಕ್ ಗುಲಾಬಿ ಧರಿಸಿ ವಿರಾಜಮಾನರಾಗಿರುವ ತಮಗೆ, ಸಿಂದಗಿಯ ಇದೇ ಮನೆಯ ಸೊಸೆಯೂ ಏಳು ತಿಂಗಳ ಬಸುರಿಯೂ ಆದ ಪ್ರಿಯದರ್ಶಿನಿ ಹೊಟ್ಟೆ ಹಿಡಿದುಕೊಂಡು ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಬರುವ ಮೊದಲು ನಾವು ಎಂಥ ಅನಾಗರಿಕರಾಗಿದ್ದೆವೆಂದು ನೆನೆದರೆ ನಾಚಿಕೆಯಾಗುತ್ತದೆ. ಬಸುರಿಯ ಬಯಕೆ ತೀರಿಸಲು ನಂಟರು ಬುತ್ತಿ ಕಟ್ಟಿಕೊಂಡು ಬಂದರೆ, ಬುಟ್ಟಿ ಇಳಿಸಿದ ಕೂಡಲೇ ಓಣಿಯ ಹೆಂಗಸರನ್ನೆಲ್ಲ ಕರೆದು, ಹೋಳಿಗೆ, ಎಣ್ಣೆಗಾಯಿ, ಮೊಸರನ್ನ ಎಲ್ಲವನ್ನೂ ಆ ಹೊತ್ತಿಗೇ ಹಂಚಿ ತಿಂದು ಕೈ ತೊಳೆದುಬಿಡುತ್ತಿದ್ದೆವು. ಕೆಡಲು ಏನೂ ಉಳಿಯುತ್ತಲೇ ಇರಲಿಲ್ಲ. ತಾವು ಬಂದು ನಮಗೆ ಕೂಡಿಡುವುದನ್ನು ಕಲಿಸಿದಿರಿ.

ಈಗ ನಮ್ಮ ಅತ್ತೆ ಸಿದ್ದವ್ವನವರು ಓಣಿಗೆ ಒಂದು ತುತ್ತು ರುಚಿ ತೋರಿಸಿ, ಉಳಿದದ್ದನ್ನು, ಸಾಹೇಬರೇ, ತಮ್ಮ ತಣ್ಣನೆಯ ಉದರಕ್ಕೆ ಅರ್ಪಿಸುತ್ತಾರೆ. ಹೊರಗಿಟ್ಟರೆ ತಿಂಗಳುಗಟ್ಟಲೆ ಕಟಕಟ ಎನ್ನುವ ಕಟಕ ರೊಟ್ಟಿಯನ್ನೂ ಒಳಗೆ ತಳ್ಳಿದರು; ಅದು ನೆನೆದ ರಟ್ಟಾಯಿತು. ಅಷ್ಟಕ್ಕೇ ನಿಂತಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ನಾನು ಶಾಲೆಗೆ ಪಾಠ ಹೇಳಲು ಹೋದದ್ದೇ ತಡ, ಅವರು ಹೊಲಕ್ಕೆ ಹೊರಡುತ್ತ “ಮನ್ಯಾಗ ಯಾರೂ ಇಲ್ಲ, ಸುಮ್ನ ಯಾಕ ಉರೀಬೇಕು? ಅದಕ್ಕೂ ದಣಿವು ಆಗತೈತಿ” ಎಂದು ತಮ್ಮ ಬಟನ್ ಬಂದ್ ಮಾಡುತ್ತಿದ್ದರಂತೆ, ಸಂಜೆ ಬಂದು ಚಾಲೂ ಮಾಡುತ್ತಿದ್ದರಂತೆ. ನಮ್ಮೂರ ಬಿಸಿಲಲ್ಲಿ ಹಗಲೆಲ್ಲ ಬೆವರಿ, ನಾನು ಬರುವಷ್ಟರಲ್ಲಿ ಏನೂ ಆಗದವರಂತೆ ತಣ್ಣಗೆ ನಿಲ್ಲುವ ತಮ್ಮ ನಟನೆಗೆ ಯಾರಾದರೂ ಶಾಲು ಹೊದಿಸಬೇಕು.

ಹೋದ ವಾರ ಇಂಗಳೇಶ್ವರದ ನಮ್ಮ ಚಿಗವ್ವ ತಂದ ಮೊಸರನ್ನವೂ ಹೀಗೆಯೇ ತಮ್ಮ ಆಶ್ರಯದಲ್ಲಿತ್ತು. ಏನೋ ವಾಸನೆ ಎಂದೆ. “ಫ್ರಿಜ್ಜಿನ್ಯಾಗಿಂದು ಕೆಡಂಗಿಲ್ಲ, ಉಣ್ಣವ್ವ, ಕೂಸಿಗಿ ಬೇಕಾಗತೈತಿ” ಎಂದರು ಅತ್ತೆ. ಪ್ರೀತಿಯಿಂದಲೇ ಎಂದರು, ಉಂಡೆ. ಆಮೇಲೆ ವಾಂತಿ, ಭೇದಿ, ಆಸ್ಪತ್ರೆ, ಸಲಾಯಿನ್. ಹೊಟ್ಟೆಯೊಳಗಿನ ಕೂಸು ಮಿಸುಕಾಡದೆ ಸುಮ್ಮನಾದ ಆ ಹೊತ್ತು ನನ್ನ ಜೀವ ಬಾಯಿಗೆ ಬಂದಿತ್ತು ಸಾಹೇಬರೇ, ತಮಾಷೆಯಲ್ಲ. ಕಡೆಗೆ ಅದು ಒದ್ದಾಗ ಅತ್ತೆ ಸೊಸೆ ಇಬ್ಬರೂ ಕೂಡಿ ಅತ್ತುಬಿಟ್ಟೆವು.

ಡಾಕ್ಟರ್ ತರನ್ನುಮ ಅವರು ಅತ್ತೆಯ ಬಾಯಿಂದಲೇ ಬಟನ್ನಿನ ಕತೆಯನ್ನೆಲ್ಲ ಕೇಳಿ (ನನಗೂ ಗೊತ್ತಾದದ್ದು ಆಗಲೇ), “ಫ್ರಿಜ್ ಬಂದ್ ಮಾಡಬ್ಯಾಡ್ರಿ ಯಮ್ಮಾ. ಬಸುರಿಗಿ ಆಗಿಂದಾಗ ಮಾಡಿದ್ದು, ಬಿಸೀದು ಹಾಕ್ರಿ” ಎಂದರು.

ಆದ್ದರಿಂದ ತಮ್ಮಲ್ಲಿ ಅರಿಕೆಯೇನೆಂದರೆ, ಒಳಗಿಟ್ಟದ್ದು ಕೆಟ್ಟರೆ ದಯಮಾಡಿ ನನಗಿಂತ ಮೊದಲು ತಾವೇ ವಾಂತಿ ಮಾಡಿಕೊಳ್ಳಬೇಕು. ಅತ್ತೆಯವರ ಕೈ ಬಟನ್ನಿನ ಮೇಲೆ ಬಿದ್ದರೆ ಓಣಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯಬೇಕು. ಇವೆರಡೂ ಘನತೆಗೆ ಕುಂದೆನಿಸಿದರೆ ಮರ್ಯಾದೆಯಿಂದ ರಾಜೀನಾಮೆ ಕೊಟ್ಟು, ಬಟ್ಟೆಬರೆ ಇಡುವ ಕಪಾಟಾಗಿ ಸೇವೆ ಮುಂದುವರಿಸಬೇಕು.

ಸಪ್ಪೆ ಗಂಜಿ ಕುಡಿಯುತ್ತಿರುವ,
ತಮ್ಮ ವಿಶ್ವಾಸಿ,
ಪ್ರಿಯದರ್ಶಿನಿ

ತಾ.ಕ.: ನಿನ್ನೆ ಯಂಕಂಚಿಯಿಂದ ಮತ್ತೊಂದು ಬುತ್ತಿ ಬಂತು. ಅತ್ತೆಯವರು ಬಾಗಿಲಲ್ಲಿ ನಿಂತು “ಬರ್ರೆವ್ವ ಎಲ್ಲಾರೂ, ಬಿಸಿ ಐತಿ, ಇಲ್ಲೇ ಉಂಡು ಹೋಗ್ರಿ” ಎಂದು ಓಣಿಯನ್ನೇ ಕರೆದರು. ನನಗೆ ಅರ್ಧ ಹೋಳಿಗೆ ಸಿಕ್ಕಿದ್ದೇ ಪುಣ್ಯ. ತಮ್ಮೊಳಗೆ ಈಗ ಒಂದು ಹಸಿಮೆಣಸಿನಕಾಯಿಯೂ ಇಲ್ಲ. ಆದರೆ ಬಂದ್ ಮಾಡಬಾರದೆಂದು ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೇ ಅತ್ತೆಯವರು ತಮ್ಮನ್ನು ಹಗಲೂ ರಾತ್ರಿ ಚಾಲೂ ಇಟ್ಟು, ಬಟನ್ ಮುಟ್ಟೀಯೆಂದು ನನಗೇ ತಾಕೀತು ಮಾಡಿ ಹೊಲಕ್ಕೆ ಹೋಗುತ್ತಾರೆ.